ಬಿದ್ದಿಲ್ಲ, ಕುಂತೇನಿ

ಸುಗ್ಗಿ ಬಂತೆಂದರೆ ಬ್ಯಾಡಗಿಯಲ್ಲಿ ಊರಿಗೆ ಊರೇ ಕೆಮ್ಮುತ್ತದೆ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿದರೆ ಸಾಕು, ಘಾಟು ಗಾಳಿಯ ಹೆಗಲೇರಿ ಓಣಿ ಓಣಿ ತಿರುಗುತ್ತದೆ. ಒಲೆಯ ಮುಂದೆ ಕೂತವರನ್ನೂ, ತೊಟ್ಟಿಲಲ್ಲಿ ಮಲಗಿದವರನ್ನೂ, ಕಣ್ಣು ಮುಚ್ಚಿ ಪೂಜೆಗೆ ಕೂತವರನ್ನೂ ಒಂದೇ ಸಮನೆ ಕೆಮ್ಮಿಸಿ ಹೋಗುತ್ತದೆ. ಹೊರಗಿನಿಂದ ಬಂದ ಬೀಗರು ಮೂಗಿಗೆ ಸೆರಗು ಹಿಡಿದರೆ ಊರವರು ನಗುತ್ತಾರೆ. ತಾವು ಕೆಮ್ಮುವುದು ಅವರ ಕಿವಿಗೇ ಬೀಳುವುದಿಲ್ಲ.

ಅಂಥ ಒಂದು ಸಂಜೆ ನಿರ್ಮಲಾ ರಾಣೆಬೆನ್ನೂರಿನ ಬಸ್ಸಿಳಿದು, ಒಂದು ಕೈಯಲ್ಲಿ ಕಾಯಿಪಲ್ಲೆ, ಇನ್ನೊಂದು ಕೈಯಲ್ಲಿ ಕಾಲೇಜಿನ ಚೀಲ ಹಿಡಿದು ಮನೆಗೆ ಬಂದಳು. ಕಾಲೇಜಿನ ಗ್ರಂಥಾಲಯದಲ್ಲಿ ದಿನವಿಡೀ ಪುಸ್ತಕ ಇಳಿಸಿ, ಏರಿಸಿ ಅವಳ ಭುಜ ಹೋಗಿತ್ತು. ಐವತ್ನಾಲ್ಕರ ಭುಜ. ಒಂದು ಲೋಟ ನೀರು ಕುಡಿದು, ಯಾರೊಂದಿಗೂ ಮಾತಾಡದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆಂಬ ಆಸೆ ಬಸ್ಸಿನುದ್ದಕ್ಕೂ ಅವಳ ಜೊತೆ ಬಂದಿತ್ತು. ಆದರೆ ಪಡಸಾಲೆಯ ಕುರ್ಚಿಯ ಮೇಲೆ ದೊಡ್ಡಮಾವ ಕೂತಿದ್ದರು.

ದೊಡ್ಡಮಾವ ಅಂದರೆ ಹಾಲಸಿದ್ದಪ್ಪನವರು, ತೀರಿಹೋದ ಅವಳ ಮಾವನ ಅಣ್ಣ. ಎಂಬತ್ತಾರು ಆಗಿದ್ದರೂ ಬೆನ್ನು ಬಾಗಿರಲಿಲ್ಲ. ಮನೆ ಪಾಲಾಗಿ, ನಡುವೆ ಗೋಡೆ ಎದ್ದು, ಅವರು ಆಚೆ ಬದಿಯಲ್ಲಿ ಮಗನ ಸಂಸಾರದೊಂದಿಗೆ ಇದ್ದರು. ತಮ್ಮ ಸತ್ತ ಮೇಲೆ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಈ ಮನೆಗೆ ಬಂದು ಒಂದು ಬಸಿ ಚಹಾ ಕುಡಿದು ಹೋಗುವುದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ.

"ಬಂದಿಯೇನವಾ? ನಾ ಈಗ ಬಂದೆ. ಒಳಗ ಯಾರದೂ ಸುಳುವಿಲ್ಲ. ನಿಮ್ಮತ್ತಿ ಮಲಗ್ಯಾಳೇನೋ ಅಂತ ಸುಮ್ಕ ಕುಂತೇನಿ" ಅಂದರು ದೊಡ್ಡಮಾವ.

ನಿರ್ಮಲಾ ನಡುಮನೆಗೆ ಕಾಲಿಟ್ಟಳು. ಅಲ್ಲಿ ಅತ್ತೆ ನೀಲಗಂಗವ್ವ ಬಾಗಿಲ ಮರೆಯಲ್ಲಿ, ನೆಲದ ಮೇಲೆ, ಒಂದು ಕಾಲು ಮಡಚಿ ಇನ್ನೊಂದು ಚಾಚಿ, ಗೋಡೆಗೆ ಒರಗಿಕೊಂಡಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಸೆರಗು ಮಾತ್ರ ತಲೆಯ ಮೇಲೆ ಒಂದು ಬೆರಳೂ ಸರಿದಿರಲಿಲ್ಲ. ಸೊಸೆಯನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟರು.

"ಅತ್ತಿ, ಮತ್ತ ಬಿದ್ದಿರೇನು?"

"ಮೆಲ್ಲಕ! ಭಾವನೋರಿಗೆ ಕೇಳಿಸೀತು. ಬಿದ್ದಿಲ್ಲವಾ, ಕುಂತೇನಿ."

"ಮಂಚ ಐತಿ, ಕುರ್ಚಿ ಐತಿ. ನೆಲದ ಮ್ಯಾಲೆ ಯಾಕ ಕುಂತೀರಿ?"

"ನೆಲ ತಣ್ಣಗ ಐತಿ ಅಂತ. ನೀ ಮೊದಲ ಚಾಕ್ಕ ಇಡು. ಅವರು ಬಂದು ಭಾಳ ಹೊತ್ತಾತು."

ನಿರ್ಮಲಾ ಚೀಲಗಳನ್ನು ಕೆಳಗಿಟ್ಟು, ಅತ್ತೆಯ ಕಂಕುಳಿಗೆ ಕೈ ಕೊಟ್ಟು, ಹಲ್ಲು ಕಚ್ಚಿ ಎತ್ತಿದಳು. ಸದ್ದಾಗಬಾರದೆಂದು ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಮಂಚದ ಮೇಲೆ ಕೂರಿಸಿದ ಮೇಲೆ ಸೊಂಟದ ಎಡಬದಿಯಲ್ಲಿ ಏನೋ ಚಳಕ್ ಅಂದಿತು. ಅದು ತನ್ನ ಸೊಂಟವೋ ಅತ್ತೆಯದೋ ಎಂದು ಅವಳಿಗೆ ಒಂದು ಕ್ಷಣ ತಿಳಿಯಲೇ ಇಲ್ಲ.

ದೀಪಾವಳಿಯ ಹೊತ್ತಿಗೆ ಹೀಗೆಯೇ 'ಕುಂತು' ಅತ್ತೆ ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದರು. ಹಾವೇರಿಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿದ್ದಾಯಿತು. ಅಲ್ಲಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಹೊರಗೆ ಬಾಗಿಲವರೆಗೂ ರೋಗಿಗಳ ಸಾಲು. ಆದರೂ ನಿರ್ಮಲಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದಳು: "ಕೈಗೆ ಬಂದದ್ದು ಕೈಯಾಗ ಹೋತು ಅನ್ನರಿ. ಮುಂದಿನ ಸಲ ತೊಡಿ ಎಲುಬು ಮುರೀತಂದ್ರ ಈ ವಯಸ್ಸಿನಾಗ ಹಾಸಿಗಿ ಬಿಟ್ಟು ಏಳೋದು ಕಷ್ಟ. ಬಿದ್ದ ಮ್ಯಾಲೆ ನಾವು ಮಾಡೋದು ಕಡಿಮಿ, ಬೀಳದಂಗ ನೀವು ಮಾಡೋದು ಭಾಳ. ನೀವು ಓದಿದವರು, ಇಂಟರ್ನೆಟ್ಟಿನಾಗ ನೋಡ್ರಿ. ವಯಸ್ಸಾದವರು ಬೀಳಬಾರದು ಅಂತನ ಮಾಡಿದ ವೆಬ್‌ಸೈಟು ಅದಾವು."

ಇಷ್ಟು ಹೇಳುವಾಗ ಆ ಹುಡುಗಿ, ಮುದುಕಿಯ ಪ್ಲಾಸ್ಟರಿನ ಅಂಚು ಚರ್ಮಕ್ಕೆ ಚುಚ್ಚುತ್ತಿದ್ದುದನ್ನು ಕಂಡು ಅಲ್ಲೊಂದು ಹತ್ತಿಯ ಎಳೆ ತುರುಕಿದ್ದಳು. ನಿರ್ಮಲಾಳಿಗೆ ಮಾತಿಗಿಂತ ಹತ್ತಿಯ ಎಳೆಯೇ ಹೆಚ್ಚು ನೆನಪಿತ್ತು. ಆದರೆ ಇಂದು ಸೊಂಟ ಚಳಕ್ ಅಂದಾಗ ಮಾತೂ ನೆನಪಾಯಿತು. ಅತ್ತೆ ಹಾಸಿಗೆ ಹಿಡಿದರೆ ಎತ್ತುವ ಕೈ ತನ್ನದೊಂದೇ, ಆ ಕೈ ಇನ್ನು ಬಹಳ ದಿನ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಾಯಿತು.

*

ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಜಹೀರನ ಅಂಗಡಿ. ಮೊದಲು ಅಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರುಗಳು ಮೂಲೆ ಸೇರಿ ಕಂಪ್ಯೂಟರುಗಳು ಬಂದ ಮೇಲೆ ಅರ್ಧ ಅಂಗಡಿ ಇಂಟರ್ನೆಟ್ಟಿಗೆ, ಇನ್ನರ್ಧ ಅವನ ತಾಯಿ ಮೈಮುನಾಬಿಯ ಹೊಲಿಗೆಯಂತ್ರಕ್ಕೆ. ಹೊರಗಿನ ಬೋರ್ಡಿನಲ್ಲಿ ಮೂರೂ ಒಂದೇ ಸಾಲಿನಲ್ಲಿದ್ದವು: ಇಂಟರ್ನೆಟ್, ಝೆರಾಕ್ಸ್, ಸೀರೆ ಫಾಲ್-ಪಿಕೋ.

ಜಹೀರನಿಗೂ ಈಗ ನಲವತ್ತು ದಾಟಿ ತಲೆಯ ನಡುವೆ ಬಯಲಾಗಿತ್ತು. ಕಾಲೇಜಿನ ಝೆರಾಕ್ಸೆಲ್ಲ ಅವನಲ್ಲೇ ಆಗುತ್ತಿದ್ದುದರಿಂದ ನಿರ್ಮಲಾ ಅವನಿಗೆ ಹಳೆಯ ಪರಿಚಯ.

"ಜಹೀರ, ಸ್ವಲ್ಪ ಫಾಲ್ ಬಗ್ಗೆ ನೋಡಬೇಕಾಗಿತ್ತಲ್ಲಪಾ."

"ಫಾಲ್ ಅಮ್ಮಾನ ಕಡೆ ಕೊಡ್ರಿ ಅಕ್ಕಾರ, ನನ್ನ ಯಾಕ ಕೇಳ್ತೀರಿ?"

ಮೈಮುನಾಬಿ ಯಂತ್ರ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, "ಯಾವ ಬಣ್ಣದ ಸೀರಿವಾ? ಮ್ಯಾಚಿಂಗ್ ಇದ್ರ ಸಂಜೀಕ ಕೊಡತೇನಿ" ಅಂದಳು.

"ಸೀರಿ ಅಲ್ರಿ. ಬೀಳೋದು, ಬೀಳೋದು. ನಮ್ಮತ್ತಿ ಮನ್ಯಾಗ ಬೀಳಾಕತ್ತಾರ."

"ಯಾ ಅಲ್ಲಾ" ಅಂದ ಮೈಮುನಾಬಿ ತಾನು ಕೂತಿದ್ದ ದಿಂಬಿನ ಕುರ್ಚಿಯನ್ನೇ ಎಳೆದು ತಂದು ನಿರ್ಮಲಾಳಿಗೆ ಕೊಟ್ಟು, ತಾನು ಬಟ್ಟೆಯ ಗಂಟಿನ ಮೇಲೆ ಕೂತಳು.

ಜಹೀರ ಇಂಗ್ಲಿಷಿನಲ್ಲಿ ಆ ಒಂದೇ ಪದ ಒತ್ತಿದ. ಪರದೆಯ ತುಂಬ ಜಲಪಾತಗಳು ಬಂದವು. ಜೋಗದಂಥವು, ಜೋಗಕ್ಕಿಂತ ದೊಡ್ಡವು, ಯಾವುದೋ ದೇಶದಲ್ಲಿ ಕಾಮನಬಿಲ್ಲು ಹೊದ್ದು ಧುಮುಕುವವು. ಮೂವರೂ ಒಂದಿಷ್ಟು ಹೊತ್ತು ಸುಮ್ಮನೆ ನೋಡಿದರು.

"ಅಷ್ಟು ಮ್ಯಾಲಿಂದ ಬಿದ್ರೂ ನೀರಿಗೆ ಏನೂ ಆಗಂಗಿಲ್ಲ ನೋಡವಾ" ಅಂದಳು ಮೈಮುನಾಬಿ. "ನಾವು ಒಂದು ಪಾವಟಿಗಿ ತಪ್ಪಿದ್ವಿ ಅಂದ್ರ ಮುಗೀತು."

ಮುದುಕರು, ಮನೆ, ತಡೆಯುವುದು ಎಂದೆಲ್ಲ ಸೇರಿಸಿದ ಮೇಲೆ ಸರಿಯಾದ ವೆಬ್‌ಸೈಟು ಸಿಕ್ಕಿತು. ಯಾವುದೋ ಪರದೇಶದ್ದು. ಬೆಳ್ಳಗಿನ ಕೂದಲಿನ ಗಂಡ-ಹೆಂಡತಿ ಬೂಟು ಹಾಕಿಕೊಂಡು, ರತ್ನಗಂಬಳಿ ಹಾಸಿದ ಮೆಟ್ಟಿಲ ಮೇಲೆ ನಗುತ್ತ ನಿಂತಿದ್ದರು. ಕೆಳಗೆ ಸಲಹೆಗಳು. ಸ್ನಾನದ ತೊಟ್ಟಿಗೆ ಹಿಡಿಕೆ ಹಾಕಿಸಿ. ಸಾಕುನಾಯಿಯ ಕೊರಳಿಗೆ ಗೆಜ್ಜೆ ಕಟ್ಟಿ. ಹಿಮ ಬಿದ್ದ ದಿನ ಹೊರಗೆ ಹೋಗಬೇಡಿ.

"ಬ್ಯಾಡಗ್ಯಾಗ ಹಿಮ ಬಿದ್ದ ದಿನ ನಿಮ್ಮತ್ತಿನ್ನ ಹೊರಗ ಬಿಡಬ್ಯಾಡ್ರಿ ಅಕ್ಕಾರ, ಖರೇ ಹೇಳ್ತೇನಿ" ಅಂದ ಜಹೀರ. ನಿರ್ಮಲಾಳಿಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ. ಮುಖದ ಸ್ನಾಯುಗಳಿಗೇ ಅದು ಹೊಸದೆನ್ನಿಸಿತು.

ಅವಳು ಕನ್ನಡಕವನ್ನು ಮುಂದೆ ಹಿಂದೆ ಸರಿಸುವುದನ್ನು ಜಹೀರ ನೋಡಿದ್ದಿರಬೇಕು. ಏನೂ ಹೇಳದೆ, ಪ್ರಿಂಟ್ ಕೊಡುವ ಮುಂಚೆ ಅಕ್ಷರಗಳನ್ನು ದೊಡ್ಡದು ಮಾಡಿದ. ಹಾಳೆ ಹೊರಬಂದಾಗ ಅವು ಒಂದನೇ ಇಯತ್ತೆಯ ಪಾಠದಷ್ಟು ದಪ್ಪಗಿದ್ದವು.

*

ನಿರ್ಮಲಾ ಆ ಹಾಳೆಗಳನ್ನು ಹಿಡಿದು ಮನೆಯನ್ನು ಹೊಸದಾಗಿ ನೋಡಿದಳು. ಬಚ್ಚಲ ಮನೆಯ ಪಾಚಿಯನ್ನು ಕೆಲಸದ ಬೀರವ್ವ ಇಟ್ಟಂಗಿ ಪುಡಿ ಹಾಕಿ ತಿಕ್ಕಿದಳು. ಹಿಡಿದುಕೊಳ್ಳಲು ಗೋಡೆಗೆ ಒಂದು ಪೈಪು ಕೂಡಿಸಿದ್ದಾಯಿತು. ಬಾಗಿಲ ಮುಂದಿನ ಹಳೆಯ ಗೋಣಿತಟ್ಟು ಹೋಯಿತು. ನಡುಮನೆಯ ಬಲ್ಬು ಬದಲಾಯಿತು. ಸವೆದು ನುಣುಪಾದ ಹವಾಯಿ ಚಪ್ಪಲಿಯ ಜಾಗಕ್ಕೆ ಹಿಮ್ಮಡಿಗೆ ಪಟ್ಟಿಯಿದ್ದ ಹೊಸ ಚಪ್ಪಲಿ ಬಂತು. ಅವಳ ಗಂಡ ಸಿದ್ದಲಿಂಗೇಶ ಮಾರುಕಟ್ಟೆಯ ದಲಾಲಿ ಅಂಗಡಿಯಿಂದ ಮೈಯೆಲ್ಲ ಮೆಣಸಿನ ಧೂಳಾಗಿ ಬಂದು, "ಮನೀ ಏನು ದವಾಖಾನಿ ಮಾಡಾಕತ್ತಿಯೇನು?" ಅಂದ. ಅಂದರೂ ಪೈಪು ಅಲುಗಾಡುತ್ತದೆಯೋ ಇಲ್ಲವೋ ಎಂದು ತಾನೇ ಜೋತುಬಿದ್ದು ನೋಡಿದ.

ಅತ್ತೆಗೆ ಮಾತ್ರ ಇದೆಲ್ಲ ಹಾಸ್ಯ.

"ಯಾರು ಹೇಳಿದ್ರು ನಿನಗ ಇಷ್ಟೆಲ್ಲಾ?"

"ಗೂಗಲ್‌ನಾಗ ನೋಡೇನ್ರಿ ಅತ್ತಿ."

"ಗೂಗಿಯೇನು? ಹಾಳಗುಡಿ ಗೂಗಿ ಮಾತು ಕೇಳಿ ಸಂಸಾರ ಮಾಡಾಕತ್ತಿಯಲ್ಲ ನಮ್ಮವ್ವಾ! ಬಿ.ಎ. ಓದಿ ಗೂಗಿಗೆ ಬಂತು."

ಹಾಳೆಯಲ್ಲಿ ವ್ಯಾಯಾಮಗಳಿದ್ದವು. ಗಟ್ಟಿ ಆಧಾರ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದರ ಹಿಂದೊಂದು ಪಾದವಿಟ್ಟು ನಡೆಯುವುದು. ಅತ್ತೆ "ಈ ವಯಸ್ಸಿನಾಗ ಕುಣಿಸ್ತೀ?" ಎಂದು ಬೈದರು. ಆದರೆ ಮರುದಿನ ನಿರ್ಮಲಾ ಬಚ್ಚಲಿನಿಂದ ಬರುವಾಗ ನೋಡಿದರೆ, ಅತ್ತೆ ಅಡಿಗೆಮನೆಯ ಕಟ್ಟೆ ಹಿಡಿದು, ಬಾಗಿಲ ಕಡೆ ಬೆನ್ನು ಮಾಡಿ, ಹಿಮ್ಮಡಿ ಎತ್ತುತ್ತಿದ್ದರು, ಇಳಿಸುತ್ತಿದ್ದರು. ನಿರ್ಮಲಾ ಬಂದ ದಾರಿಯಲ್ಲೇ ಹಿಂದೆ ಸರಿದು, ಬಚ್ಚಲಲ್ಲಿ ನೀರಿನ ಸದ್ದು ಮಾಡುತ್ತ ನಿಂತಳು.

ಇಷ್ಟಾದರೂ ಅತ್ತೆ ಮತ್ತೆ ಬಿದ್ದರು. ಒಮ್ಮೆ ಮುಂಜಾನೆ, ದೇವರ ಕೋಣೆಯ ಹೊರಗೆ. ಇನ್ನೊಮ್ಮೆ ಸಂಜೆ, ನಡುಮನೆಯ ಕಂಬದ ಬಳಿ. ಎರಡೂ ಕಡೆ ನೆಲ ಒಣಗಿತ್ತು, ಬೆಳಕಿತ್ತು, ಕಾಲಿಗೆ ತೊಡರುವ ಒಂದು ದಾರದ ಎಳೆಯೂ ಇರಲಿಲ್ಲ. ಎರಡು ಸಲವೂ "ಬಿದ್ದಿಲ್ಲ, ಕುಂತೇನಿ" ಎಂಬ ಮಾತೇ. ನಿರ್ಮಲಾ ಎತ್ತಿದಳು. ಎತ್ತಿ, ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ಬಸ್ಸು ಹಿಡಿದಳು. ಪುಸ್ತಕದ ಕಪಾಟಿನ ನಡುವೆ ನಿಂತು ಒಮ್ಮೊಮ್ಮೆ ಅವಳಿಗೆ, ತಾನೂ ಸುಮ್ಮನೆ ನೆಲದ ಮೇಲೆ 'ಕುಂತು'ಬಿಟ್ಟರೆ ಯಾರು ಎತ್ತುತ್ತಾರೆ ಅನ್ನಿಸುತ್ತಿತ್ತು.

ಮತ್ತೆ ಜಹೀರನ ಅಂಗಡಿಗೆ ಹೋದಳು. ಈ ಸಲ ಅವನು ಬೇರೊಂದು ವೆಬ್‌ಸೈಟು ತೆಗೆದ. ಅದರಲ್ಲಿ ಹೀಗಿತ್ತು: ರಕ್ತದೊತ್ತಡದ ಗುಳಿಗೆ ನುಂಗುವ ವಯಸ್ಸಾದವರು ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಫೋನು ರಿಂಗಾಯಿತೆಂದು, ಬಾಗಿಲ ಗಂಟೆ ಬಾರಿಸಿದರೆಂದು ಅವಸರದಿಂದ ಏಳಬೇಡಿ. ಮೊದಲು ಕಾಲು ಇಳಿಬಿಟ್ಟು ಕೂರಿ, ಆಮೇಲೆ ಆಧಾರ ಹಿಡಿದು ನಿಲ್ಲಿ, ಆಮೇಲೆ ನಡೆಯಿರಿ.

"ಗುಳಿಗಿ ನಮ್ಮತ್ತಿನೂ ನುಂಗತಾರ. ಆದ್ರ ಅವರಿಗೆ ಫೋನ್ ಬರಂಗಿಲ್ಲ. ಬಾಗಿಲಿಗೆ ಗಂಟಿ ಇಲ್ಲ. ಹಗಲೆಲ್ಲಾ ಬಾಗಿಲಾ ತೆರದ ಇರತೈತಿ" ಅಂದಳು ನಿರ್ಮಲಾ. ದನಿಯಲ್ಲಿ ಬೇಸರವಿತ್ತು.

"ನನಗ ಹಂಗ ಆಗತೈತವಾ" ಅಂದಳು ಮೈಮುನಾಬಿ. "ಗಿರಾಕಿ ಹೊರಗಿಂದ ಅವಸರಾ ಮಾಡಿ ಒದರಿದ್ರ ಜಿಗದು ಏಳ್ತೇನಿ ನೋಡು, ಅಂಗಡಿನ ಒಂದು ಸುತ್ತು ತಿರುಗಿ ಬರತೈತಿ. ನಿಮ್ಮತ್ತಿಗೆ ಅವಸರಾ ಮಾಡೋರು ಯಾರು?"

"ಯಾರೂ ಇಲ್ರಿ. ಮನ್ಯಾಗ ಜೋರಾಗಿ ಮಾತಾಡೋರೂ ಇಲ್ಲ."

*

ಭಾನುವಾರ ಸಂಜೆ. ಅತ್ತೆ ಸೊಸೆ ಇಬ್ಬರೂ ನಡುಮನೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತಿದ್ದರು. ಅತ್ತೆ ಮಂಚದ ಮೇಲೆ, ಸೊಸೆ ಕೆಳಗೆ. ಅತ್ತೆ ತಮ್ಮ ತವರು ಮೇಡ್ಲೇರಿಯ ಮಾತು ತೆಗೆದಿದ್ದರು. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಗೆಳತಿಯ ಸೀರೆ ಹರಿದು ಹೋದದ್ದು, ಅವಳು ಅದರ ಹಿಂದೆ ಓಡಿದ್ದು. ಓಣಿಯಲ್ಲಿ ಯಾರೋ ಕೆಮ್ಮಿದರು. ಎದುರು ಮನೆಯಲ್ಲಿ ಯಾರೋ ಕೆಮ್ಮಿದರು. ಚಕ್ಕಡಿಯವನೊಬ್ಬ ಕೆಮ್ಮುತ್ತಲೇ ಎತ್ತುಗಳನ್ನು ಬೈಯುತ್ತ ಹೋದ. ಅತ್ತೆಯ ಮಾತು ಎಲ್ಲಿಯೂ ತಡೆಯಲಿಲ್ಲ.

"ಆಕಿ ಓಡೇ ಓಡಿದಳವಾ, ಸೀರಿ ಮುಂದ, ಆಕಿ ಹಿಂದ, ನಾವೆಲ್ಲಾ ದಂಡಿ ಮ್ಯಾಲೆ ನಿಂತು—"

ಅಂಗಳದಲ್ಲಿ ಇನ್ನೊಂದು ಕೆಮ್ಮು ಕೇಳಿಸಿತು. ಸಣ್ಣದು, ಗಂಟಲು ಸರಿಮಾಡಿಕೊಂಡ ಹಾಗೆ ಎರಡು ತುಂಡು.

ಅತ್ತೆ ಎದ್ದು ನಿಂತಿದ್ದರು. ಯಾವಾಗ ಎದ್ದರು ಎಂಬುದು ನಿರ್ಮಲಾಳಿಗೆ ಕಾಣಿಸಲೇ ಇಲ್ಲ. ಮಡಿಲಿನ ಪಲ್ಲೆ ನೆಲದ ತುಂಬ ಚೆಲ್ಲಿತ್ತು, ಸೆರಗು ಹಣೆಯವರೆಗೆ ಬಂದಿತ್ತು, ಎಂಬತ್ತು ದಾಟಿದ ಆ ಕಾಲುಗಳು ಹೊಸ ಮದುಮಗಳಂತೆ ಬಾಗಿಲ ಮರೆಗೆ ಓಡಿದ್ದವು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಆಮೇಲೆ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ನಿರ್ಮಲಾ ಕೂತಲ್ಲಿಂದಲೇ ಮೊಣಕಾಲೂರಿ ಮುಂದೆ ಬಾಗಿ ಆ ಮೈಯನ್ನು ಎದೆಗೆ ಒತ್ತಿ ಹಿಡಿದಳು. ಅತ್ತೆಯ ಕಣ್ಣು ಮುಚ್ಚಿದ್ದವು. ಹಣೆಯ ಮೇಲೆ ತಣ್ಣನೆ ಬೆವರು.

"ನಿರ್ಮಲಾ, ಅದಿಯೇನವಾ?" ಪಡಸಾಲೆಯಲ್ಲಿ ದೊಡ್ಡಮಾವನ ಕುರ್ಚಿ ಕಿರುಗುಟ್ಟಿತು. "ಇವತ್ತು ಸೂಟಿ ಅಲ್ಲ ನಿನಗ? ಎಲ್ಲಾರೂ ಆರಾಮ?"

"ಆರಾಮ್ರಿ ಮಾವಾರ" ಅಂದಳು ನಿರ್ಮಲಾ, ಅತ್ತೆಯನ್ನು ಅಪ್ಪಿ ಹಿಡಿದುಕೊಂಡೇ.

ಭಾವನ ಮುಂದೆ ತಮ್ಮನ ಹೆಂಡತಿ ಕೂರುವುದಿಲ್ಲ. ಭಾವ ಮನೆಯೊಳಗೆ ಬರುವ ಮುಂಚೆ ಕೆಮ್ಮಿ ಸೂಚನೆ ಕೊಡುತ್ತಾನೆ, ಅವಳು ಎದ್ದು, ತಲೆಗೆ ಸೆರಗು ಹೊದ್ದು, ಬಾಗಿಲ ಮರೆಗೆ ನಿಲ್ಲುತ್ತಾಳೆ, ಅವನು ಹೋಗುವವರೆಗೂ. ಇದು ಯಾರೂ ಯಾರಿಗೂ ಕಲಿಸದ ಪಾಠ. ನಿರ್ಮಲಾ ಸೊಸೆಯಾಗಿ ಬಂದಾಗ ತಾನೂ ಹಾಗೇ ಎದ್ದು ನಿಲ್ಲುತ್ತಿದ್ದಳು. ನೌಕರಿ ಸೇರಿದ ಮೇಲೆ ದೊಡ್ಡಮಾವನೇ ಒಂದು ದಿನ, "ದಣಿದು ಬಂದಿರತೀ, ನನಗ ಏಳಬ್ಯಾಡವಾ, ನೀ ಮಗಳಿದ್ದಂಗ" ಎಂದು ಬಿಡಿಸಿದ್ದರು. ಸೊಸೆಗೆ ಬಿಡಿಸಬಹುದು. ತಮ್ಮನ ಹೆಂಡತಿಗೆ ಹಾಗೆ ಹೇಳಬೇಕೆಂದರೆ ಮೊದಲು ಅವಳ ಜೊತೆ ಮಾತಾಡಬೇಕು. ಅರವತ್ತು ವರ್ಷದಲ್ಲಿ ಅವರಿಬ್ಬರೂ ನೇರ ಒಂದು ಮಾತಾಡಿದವರಲ್ಲ.

ಇಷ್ಟು ದಿನ ತಾನು ನೆಲವನ್ನೇ ನೋಡಿದೆ ಎಂದುಕೊಂಡಳು ನಿರ್ಮಲಾ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಎಲ್ಲ ಬೀಳುವಿಕೆಗಳೂ ಅದೇ ಹೊತ್ತಿನವು.

ದೊಡ್ಡಮಾವ ಹೋದ ಮೇಲೆ ಅತ್ತೆಯ ಪಕ್ಕ ಕೂತು ಹೇಳಿದಳು. "ಅತ್ತಿ, ಅವರು ಬಂದಾಗ ಏಳಬ್ಯಾಡ್ರಿ. ಇಲ್ಲಾ ಅಂದ್ರ ಸಾವಕಾಶ ಏಳ್ರಿ. ನಿಮ್ಮನ್ನ ಬೀಳಸೋದು ಅದ."

ಅತ್ತೆ ಚೆಲ್ಲಿದ ಪಲ್ಲೆಯನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. "ಸಾವಕಾಶ ಹೆಂಗ ಏಳೂದವಾ? ಅವರು ಒಳಗ ಬಂದಿರತಾರ, ನಾ ಇನ್ನಾ ಕುಂತಿರತೇನಿ. ಗಂಡ ಇದ್ದಾಗ ಎದ್ದಾಕಿ, ಸತ್ತ ಮ್ಯಾಲೆ ಕುಂತಳು, ಸೊಕ್ಕು ಬಂತು ಅನಬೇಕೇನು? ಬ್ಯಾಡ. ಮನ್ಯಾಗ ಅವರ ತಮ್ಮ ಕುಂದ್ರತಿದ್ರು, ಆ ಜಾಗಾ ಖಾಲಿ ಆತು. ನಾ ಏಳೋದರ ಇರಲಿ."

ನಿರ್ಮಲಾ ಬಗ್ಗಿ ಉಳಿದ ಪಲ್ಲೆಯನ್ನು ಬಳಿದು ಅವರ ಮಡಿಲಿಗೆ ಹಾಕಿದಳು.

ಗಂಡನಿಗೆ ಹೇಳಿದಳು. ಸಿದ್ದಲಿಂಗೇಶ ಊಟದ ತಾಟಿನಿಂದ ಮುಖ ಎತ್ತಿದವನೇ, "ದೊಡ್ಡಪ್ಪಗ ಬರಬ್ಯಾಡ ಅನ್ನಲೇನು? ನನ್ನ ಬಾಯಾಗ ಹುಳಾ ಬೀಳ್ಲಿ. ಅಪ್ಪ ಸತ್ತಾಗಿಂದ ದಿನಾ ಬಂದು ಕೇಳೋರು ಅವರೊಬ್ಬರ" ಅಂದ. ಸ್ವಲ್ಪ ಹೊತ್ತು ರೊಟ್ಟಿ ಮುರಿಯುತ್ತ ಕೂತು, "ನೀ ಹೇಳಿದ್ರ ಬ್ಯಾರೆ. ನಿನ್ನ ಮ್ಯಾಲೆ ಅವರಿಗೆ ಜೀವ" ಅಂದ.

ಹೇಳುವ ಕೆಲಸವೂ ಕೊನೆಗೆ ತನ್ನ ಪಾಲಿಗೇ ಬಂತು.

*

ಮರುದಿನ ಕಾಲೇಜಿಗೆ ಹೋಗುವ ಮುಂಚೆ ಅವಳು ಗೋಡೆಯ ಆಚೆಯ ಮನೆಗೆ ಹೋದಳು. ದೊಡ್ಡಮಾವ ಹಣೆಗೆ ವಿಭೂತಿ ಧರಿಸಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು.

"ಏನವಾ ಇಷ್ಟು ಲಗೂ? ಕೈಯಾಗ ಏನದು ಹಾಳಿ?"

"ವಯಸ್ಸಾದವರು ಬೀಳಬಾರದು ಅಂದ್ರ ಏನು ಮಾಡಬೇಕು ಅಂತ ಇಂಟರ್ನೆಟ್ಟಿನಾಗ ಬಂದೈತ್ರಿ ಮಾವಾರ. ನಿಮಗೂ ಓದಿ ಹೇಳೂಣು ಅಂತ ಬಂದೆ."

"ನಾನೇನು ಮೆಣಸಿನಕಾಯಿ ರೇಟೇನು, ಬೀಳಾಕ?" ಎಂದು ದೊಡ್ಡಮಾವ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ನಕ್ಕರೂ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಹೂಂ, ಓದು. ಪರದೇಶದ ಶಾಣ್ಯಾರು ಏನಂತಾರ ಕೇಳೂಣು."

ಅವಳು ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದಳು. ಬಚ್ಚಲಿಗೆ ಬಂದಾಗ ಅವರು "ಖರೇ" ಅಂದರು. ಚಪ್ಪಲಿಗೆ ಬಂದಾಗ ತಮ್ಮ ಕಾಲ್ಮರಿಗಳನ್ನು ನೋಡಿಕೊಂಡರು. ತಟ್ಟನೆ ಏಳಬಾರದು ಎಂಬಲ್ಲಿಗೆ ಬಂದಾಗ ನಿರ್ಮಲಾ ಹಾಳೆಯನ್ನು ಮುಖಕ್ಕೆ ಹತ್ತಿರ ಹಿಡಿದಳು.

"ಗುಳಿಗಿ ತಗೊಳ್ಳೋರು ಅವಸರದಾಗ ಎದ್ರ ಕಣ್ಣಿಗೆ ಕತ್ತಲಿ ಬರತೈತಂತ್ರಿ. ಫೋನಿನ ಸಪ್ಪಳಕ್ಕ, ಬಾಗಲದ ಸಪ್ಪಳಕ್ಕ ಜಿಗದು ಏಳಬಾರದಂತ. ಹಂಗ ಎದ್ದೋರ ಭಾಳ ಮಂದಿ ಬೀಳ್ತಾರಂತ."

ಅವಳು ಅಲ್ಲಿಗೇ ನಿಲ್ಲಿಸಿದಳು. ಹಾಳೆಯಿಂದ ಕಣ್ಣನ್ನೂ ಎತ್ತಲಿಲ್ಲ.

ಗೋಡೆಯ ಆಚೆ ನೀಲಗಂಗವ್ವ ಬೀರವ್ವನಿಗೆ ಏನೋ ಹೇಳುತ್ತಿದ್ದುದು ಸಣ್ಣಗೆ ಕೇಳಿಸುತ್ತಿತ್ತು.

"ಕೆಮ್ಮಿನ ಸಪ್ಪಳಕ್ಕ ಅಂತ ಬರದಿಲ್ಲೇನವಾ?"

"ಅವರು ಪರದೇಶದವರ್ರಿ ಮಾವಾರ. ಅವರಿಗೆ ಗೊತ್ತಿಲ್ಲ."

"ದೀಪಾವಳ್ಯಾಗ ಆಕಿ ಕೈ ಮುರದದ್ದು?"

ನಿರ್ಮಲಾ ಹಾಳೆಯನ್ನು ಮಡಚಿ ಮಡಚಿ ಸಣ್ಣದು ಮಾಡಿದಳು.

ದೊಡ್ಡಮಾವ ಮುಖವನ್ನು ಬಿಸಿಲಿನ ಕಡೆ ತಿರುಗಿಸಿದರು. "ಅವತ್ತು ನಾ ಪಡಸಾಲ್ಯಾಗ ಕುಂತು ಚಾ ಕುಡದು ಬಂದೆನಲ್ಲವಾ. ಒಳಗ ಕೈ ಮುರಕೊಂಡು ಸುಮ್ಕ ಕುಂತಿದ್ದಳು" ಅಂದರು. "ತಮ್ಮನ ಮನಿ ಬಿಕೋ ಅನಬಾರದು ಅಂತ ಬರತಿದ್ದೆ" ಅಂದರು. ಆಮೇಲೆ, "ನಿನ್ನ ಬಸ್ಸು ತಪ್ಪೀತು, ಹೋಗು" ಅಂದರು.

ಆ ಸಂಜೆ ಅವರು ಬರಲಿಲ್ಲ. ಮರುದಿನ ಮುಂಜಾನೆಯೂ ಬರಲಿಲ್ಲ. ಚಹಾ ಕುದ್ದು, ಆರಿ, ಮೇಲೆ ಕೆನೆಕಟ್ಟಿ, ಬೀರವ್ವನ ಪಾಲಾಯಿತು.

ಹಾಗೆ ಒಂದು ವಾರ ಹೋಯಿತು. ಅತ್ತೆ ಬೀಳಲಿಲ್ಲ. ಆದರೆ ನಿರ್ಮಲಾ ಬಯಸಿದ್ದು ಇದಾಗಿರಲಿಲ್ಲ. ಅತ್ತೆಗೆ ಊಟ ಸೇರುತ್ತಿರಲಿಲ್ಲ. ಹಿಮ್ಮಡಿ ಎತ್ತುವುದನ್ನು ಬಿಟ್ಟರು. ಸಂಜೆಯಾದರೆ ಬಾಗಿಲ ಕಡೆ ಕಿವಿ ಕೊಟ್ಟು ಕೂರುತ್ತಿದ್ದರು. ಮೊದಲು ಊರಿನ ನೂರು ಕೆಮ್ಮುಗಳಲ್ಲಿ ಒಂದನ್ನೇ ಹೆಕ್ಕುತ್ತಿದ್ದ ಆ ಕಿವಿ ಈಗ ಯಾರು ಕೆಮ್ಮಿದರೂ ಬೆಚ್ಚುತ್ತಿತ್ತು. ಎದುರು ಮನೆಯವರು ಕೆಮ್ಮಿದರೂ ಅತ್ತೆಯ ಕೈ ಸೆರಗಿಗೆ ಹೋಗುತ್ತಿತ್ತು.

"ಏನಂದಿ ನೀ ಅವರಿಗೆ?" ಒಂದು ದಿನ ಕೇಳಿಯೇಬಿಟ್ಟರು.

"ಏನೂ ಅಂದಿಲ್ರಿ. ಓದಿ ಹೇಳಿದೆ ಅಷ್ಟ."

"ಆ ಹಾಳಿ ಒಲಿಗೆ ಹಾಕು. ನಾ ಬಿದ್ದು ಸತ್ರ ನನ್ನ ಹಣೆಬಾರ. ಮನಿಗೆ ಬರೋ ಹಿರ್ಯಾರನ್ನ ನಿಲ್ಲಿಸಿದಿಯಲ್ಲವಾ, ಓದಿದಾಕಿ."

ನಿರ್ಮಲಾ ಅಡಿಗೆಮನೆಗೆ ಹೋಗಿ ನಿಂತಳು. ಅಳು ಬರಲಿಲ್ಲ, ಅದಕ್ಕೂ ತ್ರಾಣ ಬೇಕು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅದನ್ನು ಇಳಿಸಬೇಕೆಂದು ಗೊತ್ತಿದ್ದೂ ಕೈ ಎತ್ತದೆ ನೋಡುತ್ತ ನಿಂತಿದ್ದಳು. ಬೀರವ್ವ ಹಿಂದಿನಿಂದ ಬಂದು ಒಲೆ ಆರಿಸಿ, ಉಕ್ಕಿದ್ದನ್ನು ಒರೆಸಿ, "ನೀವು ಕುಂದ್ರಿ ಅಕ್ಕಾರ, ಪಲ್ಲೆ ನಾ ಹೆಚ್ಚತೇನಿ" ಅಂದಳು. ಅದು ಅವಳ ಕೆಲಸವಾಗಿರಲಿಲ್ಲ.

ಮತ್ತೊಂದು ಸಂಜೆ ಓಣಿಯಿಂದ ದನಿ ಕೇಳಿಸಿತು. ಕೆಮ್ಮಲ್ಲ, ಮಾತು. ಅದೂ ಕಿವುಡರ ಜೊತೆ ಮಾತಾಡುವಷ್ಟು ದೊಡ್ಡದು.

"ನಿರ್ಮಲಾ! ಏ ನಿರ್ಮಲಾ! ನಾ ಬಂದೇನವಾ. ಹೊರಗ ಕಟ್ಟಿ ಮ್ಯಾಲೆ ಕುಂದರತೇನಿ. ಒಮ್ಮೆಲೆ ಒಳಗ ಬರಾಕ ಆಗವಲ್ದು, ಮೊಣಕಾಲು ಹಿಡದಾವ. ಸ್ವಲ್ಪ ದಮ್ಮ ತಗೊಂಡು ಬರತೇನಿ. ಅವಸರಾ ಇಲ್ಲ!"

ನಿರ್ಮಲಾ ಕಿಟಕಿಯಿಂದ ನೋಡಿದಳು. ದೊಡ್ಡಮಾವ ಕಟ್ಟೆಯ ಮೇಲೆ, ಮನೆಗೆ ಬೆನ್ನು ಮಾಡಿ, ಎರಡೂ ಕೈಯಿಂದ ಮೊಣಕಾಲು ಹಿಡಿದು ಕೂತಿದ್ದರು. ಅದೇ ದಿನ ಮುಂಜಾನೆ ಅವರು ಮಾರುಕಟ್ಟೆಯವರೆಗೂ ನಡೆದು ಹೋಗಿ ಬಂದದ್ದನ್ನು ಸಿದ್ದಲಿಂಗೇಶ ಫೋನಿನಲ್ಲಿ ಹೇಳಿದ್ದ.

ಅತ್ತೆ ಮಂಚದ ಮೇಲೆ ಅರ್ಧ ಎದ್ದವರು ಹಾಗೇ ತಡೆದರು. ನಿರ್ಮಲಾಳ ಮುಖ ನೋಡಿದರು. ಆಮೇಲೆ ಕಾಲು ಇಳಿಬಿಟ್ಟು ಕೂತರು. ಹೊರಗೆ ದೊಡ್ಡಮಾವ ದಾರಿಹೋಕರ ಜೊತೆ ಮಳೆಯ ಮಾತು, ಬೆಳೆಯ ಮಾತು ಆಡುತ್ತಿದ್ದರು. ಅತ್ತೆ ಮಂಚದ ಕಾಲು ಹಿಡಿದು ನಿಂತರು. ಸ್ವಲ್ಪ ತೂಗಾಡಿದರು, ಸಾವರಿಸಿಕೊಂಡರು. ಗೋಡೆ ಮುಟ್ಟುತ್ತ ನಡೆದು, ಬಾಗಿಲ ಮರೆ ಸೇರಿ, ಸೆರಗು ಸರಿಮಾಡಿ, ನೆಟ್ಟಗೆ ನಿಂತರು. ನಿರ್ಮಲಾ ಕೈ ಚಾಚಿಕೊಂಡೇ ಇದ್ದಳು. ಅದು ಬೇಕಾಗಲಿಲ್ಲ.

"ಬರ್ರಿ ಮಾವಾರ" ಅಂದಳು.

ದೊಡ್ಡಮಾವ "ಯಪ್ಪಾ" ಅನ್ನುತ್ತ, ಕುಂಟುತ್ತ ಒಳಗೆ ಬಂದು ಕೂತರು. ಯಾವ ಕಾಲು ಕುಂಟಬೇಕೆಂಬುದು ನಡುವೆ ಒಮ್ಮೆ ಮರೆತೂ ಹೋಯಿತು. "ವಯಸ್ಸು ಸುಮ್ಕ ಬಿಡತೈತೇನವಾ? ಇನ್ನ ಮ್ಯಾಲೆ ನನಗ ಹೊರಗ ಅಷ್ಟೊತ್ತು ಕುಂದರಾಕ ಬೇಕ ನೋಡು" ಎಂದು ಅತ್ತೆಗೆ ಕೇಳುವಂತೆ ಹೇಳಿದರು.

ಚಹಾ ಬಂತು. ಮೊದಲೆಲ್ಲ ಅವರು ಬಸಿಗೆ ಸುರಿದು, ಊದಿ, ಮಾರುಕಟ್ಟೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಯುವವರೆಗೆ ಕುಡಿಯುತ್ತಿದ್ದರು. ಅಷ್ಟು ಹೊತ್ತೂ ಬಾಗಿಲ ಮರೆಯಲ್ಲಿ ಅತ್ತೆ ನಿಂತಿರುತ್ತಿದ್ದರು. ಇಂದು ಅವರು ಊದಲಿಲ್ಲ. ಕುದಿಯುವ ಚಹಾವನ್ನು ಗಟಗಟ ಕುಡಿದು, ನಾಲಿಗೆ ಸುಟ್ಟದ್ದನ್ನು ಮೀಸೆಯ ಹಿಂದೆ ಮುಚ್ಚಿಕೊಂಡು, "ಬರತೇನವಾ, ಕೆಲಸೈತಿ" ಎಂದು ಎದ್ದರು.

ಅವರು ಅಂಗಳ ದಾಟಿದ ಮೇಲೆ ಅತ್ತೆ ಮಂಚಕ್ಕೆ ಬಂದು ಕೂತರು. ಮುಖ ಬಿಗಿದುಕೊಂಡೇ ಇತ್ತು, ಆದರೆ ಆ ಒಂದು ವಾರದ ಬಿಗಿ ಅಲ್ಲ.

"ಭಾವನೋರ ಕಾಲು ಹೋದವಲ್ಲವಾ, ಪಾಪ" ಅಂದರು. "ಅವರಿಗೂ ಆ ಹಿಮ್ಮಡಿ ಎತ್ತೋದು ಹೇಳಿಕೊಡು. ಈ ವಯಸ್ಸಿನಾಗ ಬಿದ್ರ ಗತಿ ಏನು?"

ಅತ್ತೆಗೆ ನಿಜವಾಗಿ ತಿಳಿಯಲಿಲ್ಲವೋ, ತಿಳಿದೂ ಹೀಗೆ ಅಂದರೋ ನಿರ್ಮಲಾಳಿಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. "ಹೇಳತೇನ್ರಿ" ಎಂದು ನೆಲದ ಮೇಲೆ, ಮಂಚಕ್ಕೆ ಒರಗಿ ಕೂತಳು. ಏಳುವ ಮನಸ್ಸಾಗಲಿಲ್ಲ. ಅತ್ತೆಯ ಕೈ ಅವಳ ಭುಜದ ಮೇಲೆ ಬಂದು, ನೋವಿದ್ದ ಜಾಗ ಯಾವುದೆಂದು ಹುಡುಕುತ್ತಿತ್ತು.

ಮರುದಿನದಿಂದ ನಿರ್ಮಲಾ ದೊಡ್ಡಮಾವನ ಚಹಾವನ್ನು ಅವರು ಕಟ್ಟೆಯ ಮೇಲೆ ಕೂತಾಗಲೇ ಬಸಿಗೆ ಸುರಿದು, ಆರಿಸಿ, ಅವರು ಒಳಗೆ ಬಂದ ಕೂಡಲೇ ಕೊಡತೊಡಗಿದಳು.